ಮೂವತ್ತು–ನಲವತ್ತರ ಸೈಟು, ಮೂರು ಲೆಕ್ಕ: ಮನೆಗೆ ಎಷ್ಟು ದುಡ್ಡು ಹಾಕಬೇಕು?

ಹಾಸನದಲ್ಲಿರುವ ನನ್ನ ತಮ್ಮ ಹೋದ ದೀಪಾವಳಿಗೆ ಮೈಸೂರಿಗೆ ಬಂದವನು ಬ್ಯಾಗಿನಿಂದ ಮೂರು ಕಾಗದ ತೆಗೆದು ಊಟದ ಟೇಬಲ್ ಮೇಲೆ ಹರಡಿದ. ಒಂದು, ಇಂಜಿನಿಯರ್ ಬರೆದ ಪ್ಲಾನು. ಇನ್ನೊಂದು, ಬ್ಯಾಂಕಿನವರು ಪೆನ್ಸಿಲಿನಲ್ಲಿ ಹಾಕಿಕೊಟ್ಟ ಸಾಲದ ಅಂದಾಜು. ಮೂರನೆಯದು, ಯಾವುದೋ ಮದುವೆ ಕರೆಯೋಲೆಯ ಹಿಂದುಗಡೆ ಮೇಸ್ತ್ರಿ ಗೀಚಿದ್ದ ಮೊತ್ತ. ‘ಅಕ್ಕ, ನೀನು ಒಂದು ಸಲ ಕಟ್ಟಿಸಿ ಪಾಡು ಪಟ್ಟಿದೀಯ. ಎಷ್ಟಕ್ಕೆ ಕೈ ಹಾಕಲಿ ಹೇಳು’ ಅಂದ.

ಮೂರು ಕಾಗದವೂ ಮೂರು ಮಾತು ಹೇಳುತ್ತಿದ್ದವು. ಪ್ಲಾನು ಡ್ಯೂಪ್ಲೆಕ್ಸ್ ಮನೆಯದು, ಅಂದರೆ ಒಳಗಿನಿಂದಲೇ ಮೆಟ್ಟಿಲಿರುವ ಎರಡಂತಸ್ತು, 17 ಚದರ (ಒಂದು ಚದರ ಅಂದರೆ 100 ಚದರಡಿ). ಬ್ಯಾಂಕ್ 40 ಲಕ್ಷದವರೆಗೆ ಕೊಡಲು ತಯಾರು. ಮೇಸ್ತ್ರಿ ಮಾತ್ರ ‘ನೆಲಮಹಡಿ ಒಂದೇ ಆದ್ರೆ ಹದಿನೇಳು ಲಕ್ಷಕ್ಕೆ ಕೀ ಕೈಗೆ ಕೊಡ್ತೀನಿ’ ಅಂದಿದ್ದನಂತೆ. ಹದಿನೇಳಕ್ಕೂ ನಲವತ್ತಕ್ಕೂ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದೇ ಪ್ರಶ್ನೆ. ಮೂರು ದಿನ ಕೂತು ಹಾಕಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನಮ್ಮವು. ನಿಮ್ಮ ಊರಿನ ದರ, ನಿಮ್ಮ ಸಂಬಳ ಹಾಕಿಕೊಂಡು ಇದೇ ದಾರಿಯಲ್ಲಿ ಹೋಗಬಹುದು.

ಪ್ಲಾನಿನಿಂದ ಶುರು ಮಾಡಬೇಡಿ

ಸಾಮಾನ್ಯವಾಗಿ ಮೊದಲು ಪ್ಲಾನು ಬರುತ್ತದೆ, ಆಮೇಲೆ ಅದಕ್ಕೆ ಎಷ್ಟಾಗುತ್ತದೆ ಅಂತ ಕೇಳುತ್ತೇವೆ, ಕೊನೆಗೆ ಅಷ್ಟು ಸಾಲ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇವೆ. ನಾವೂ ಹಾಗೇ ಮಾಡಿದ್ದು. ತಮ್ಮನ ಕೈಲಿ ಇದನ್ನು ತಿರುಗಿಸಿ ಮಾಡಿಸಿದೆ. ಪ್ಲಾನನ್ನು ಮಡಚಿ ಪಕ್ಕಕ್ಕಿಟ್ಟು, ‘ಹೋದ ಒಂದು ವರ್ಷದಲ್ಲಿ ತಿಂಗಳಿಗೆ ನಿಜವಾಗಿ ಎಷ್ಟು ಉಳಿಸಿದ್ದೀರಿ? ಉಳಿಸಬೇಕು ಅಂದುಕೊಂಡಿದ್ದು ಬೇಡ, ಉಳಿದಿದ್ದು ಹೇಳು’ ಅಂದೆ.

ಅವನು ಹೈಸ್ಕೂಲ್ ಮೇಷ್ಟ್ರು, ಅವನ ಹೆಂಡತಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಇಬ್ಬರದೂ ಸೇರಿ ಕೈಗೆ ಬರುವುದು 70,000. ಬಾಡಿಗೆ 9,000. ಚೀಟಿ ಮತ್ತು ಆರ್‌ಡಿ ಸೇರಿ 12,000. ಮಿಕ್ಕಿದ್ದು ಇಬ್ಬರು ಮಕ್ಕಳ ಫೀಸು, ಅಮ್ಮನ ಮಾತ್ರೆ, ದಿನಸಿ, ಪೆಟ್ರೋಲು, ಊರಿನ ಹಬ್ಬ–ಮದುವೆಗೆ ಹೋಗುತ್ತದೆ. ಅಂದರೆ ಈ ಸಂಸಾರ ಹೊಟ್ಟೆ ಬಟ್ಟೆ ಕಟ್ಟದೆ ತಿಂಗಳಿಗೆ 21,000 ರೂಪಾಯಿಯನ್ನು ಮನೆಗಾಗಿ ಎತ್ತಿಡಬಲ್ಲದು. ಇವರ ಅಳತೆ ಇದು.

ಬ್ಯಾಂಕಿನ ಅಳತೆ ಬೇರೆ. ಅವರು ಸಂಬಳದ ಅರ್ಧ, ಅಂದರೆ 35,000 ಕಂತು ಕಟ್ಟಬಲ್ಲರು ಅಂತ ಹಿಡಿದು 40 ಲಕ್ಷ ಬರೆದಿದ್ದರು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80ರವರೆಗೆ ಕೊಡಬಹುದು. ಅದು ಬ್ಯಾಂಕು ಮುಳುಗದಿರಲಿ ಅಂತ ಮಾಡಿದ ನಿಯಮ. ನಿಮ್ಮ ಮಗಳ ಕಾಲೇಜು ಫೀಸಿನ ಗೊಡವೆ ಅದಕ್ಕಿಲ್ಲ.

ಇನ್ನೊಂದು ಅಂಕಿ ತಲೆಯಲ್ಲಿರಲಿ. ಶೇ 8.5ರ ಬಡ್ಡಿಗೆ ಒಂದು ಲಕ್ಷ ಸಾಲಕ್ಕೆ 20 ವರ್ಷದ ಕಂತು ತಿಂಗಳಿಗೆ ಸುಮಾರು 868 ರೂಪಾಯಿ, 15 ವರ್ಷಕ್ಕಾದರೆ 985. ಈಗ ಬಡ್ಡಿ ಇದಕ್ಕಿಂತ ಕಡಿಮೆಗೂ ಸಿಗುತ್ತಿದೆ. ನಾನು ಬೇಕೆಂದೇ 8.5 ಹಿಡಿದಿದ್ದೇನೆ, ಯಾಕೆಂದರೆ ನಮಗೆ ಪಾಠ ಆಗಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 4ರಿಂದ 6.5ಕ್ಕೆ ಏರಿತು. ನಮ್ಮ ಕಂತು ಒಂದು ರೂಪಾಯಿಯೂ ಜಾಸ್ತಿಯಾಗಲಿಲ್ಲ, ಹಾಗಾಗಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಸಾಲ ಮುಗಿಯುವ ವರ್ಷ ಸದ್ದಿಲ್ಲದೆ ಮುಂದೆ ಹೋಗಿತ್ತು. ನಮ್ಮ ಯಜಮಾನರ ನಿವೃತ್ತಿಯ ಆಚೆಗೆ.

ಚದರಡಿ ದರ ಅನ್ನುವ ಮಾಯೆ

ತಮ್ಮ ಆ ಒಬ್ಬ ಮೇಸ್ತ್ರಿಯ ಮಾತು ನಂಬಿ ಕೂತಿದ್ದ. ಊರಿಗೆ ಹೋಗಿ ಇನ್ನೂ ಇಬ್ಬರ ಹತ್ತಿರ ಕೊಟೇಶನ್ ತೆಗೆದುಕೊ ಅಂದೆ. ಬಂದವು, ಚದರಡಿಗೆ: 1,750, 1,950, 2,200. ಯಾರೇ ಆದರೂ 1,750ರವನ ಕಡೆಗೇ ವಾಲುತ್ತಾರೆ. ಅವನೇ ನಮ್ಮ ಮದುವೆ ಕರೆಯೋಲೆಯ ಮೇಸ್ತ್ರಿ.

ಫೋನಿನಲ್ಲಿ ಇಬ್ಬರೂ ಎರಡು ಕೊಟೇಶನ್ ಸಾಲುಸಾಲಾಗಿ ಓದಿದೆವು. 1,950ರವನು ಮನೆಯನ್ನು 900 ಚದರಡಿ ಅಂತ ಅಳೆದಿದ್ದ. 1,750ರವನು ಪೋರ್ಟಿಕೋ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಎಲ್ಲ ಸೇರಿಸಿ 980 ಅಂದಿದ್ದ. ಗುಣಿಸಿದರೆ 17.15 ಲಕ್ಷ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಪು, ಪುಟ್ಟಿ, ಕಿಟಕಿ ಗ್ರಿಲ್ ಪಾರ್ಟಿಯವರದು’ ಅಂತ ಇತ್ತು. ಪಾರ್ಟಿ ಅಂದರೆ ನಾವೇ. ಸಂಪಿಗೆ 80,000, ಪುಟ್ಟಿಗೆ 45,000, ಗ್ರಿಲ್ಲಿಗೆ 70,000 ಅಂತ ಹಾಕಿದರೆ ಒಟ್ಟು 19.10 ಲಕ್ಷ ಆಯಿತು. ಇವೆಲ್ಲ ಸೇರಿಯೂ 1,950ರವನದು 17.55 ಲಕ್ಷ. ಕಡಿಮೆ ದರದವನೇ ಒಂದೂವರೆ ಲಕ್ಷ ದುಬಾರಿ!

ಹಾಗಾಗಿ ಕೊಟೇಶನ್ ಹೋಲಿಸುವಾಗ ದರ ನೋಡುವ ಮೊದಲು ಅಳತೆ ನೋಡಿ. ಸಜ್ಜಾ, ಬಾಲ್ಕನಿ, ಪೋರ್ಟಿಕೋಗಳನ್ನು ಪೂರ್ತಿ ಹಿಡಿದಿದ್ದಾರೋ ಅರ್ಧ ಹಿಡಿದಿದ್ದಾರೋ ಕೇಳಿ. ತಾರಸಿಯ ಎತ್ತರ ಒಂಬತ್ತೂವರೆ ಅಡಿಯೋ ಹತ್ತೂವರೆಯೋ, ಟೈಲ್ಸಿಗೆ ಚದರಡಿಗೆ ಎಷ್ಟು ರೂಪಾಯಿ ಹಿಡಿದಿದ್ದಾರೆ, ಬಚ್ಚಲ ಗೋಡೆಗೆ ಟೈಲ್ಸ್ ಏಳಡಿಯೋ ಸೂರಿನವರೆಗೋ, ಇವೆಲ್ಲ ಕಾಗದದ ಮೇಲೆ ಬರಬೇಕು. ನಮ್ಮ ಮನೆಯ ಒಪ್ಪಂದದಲ್ಲಿ ‘ತೇಗದ ಮುಂಬಾಗಿಲು’ ಅಂತ ಇತ್ತು. ಬಾಗಿಲ ಚೌಕಟ್ಟು ತೇಗದ್ದೇ ಬಂತು. ಬಾಗಿಲು ಮಾತ್ರ ಫ್ಲಶ್ ಡೋರಿಗೆ ತೇಗದ ತೆಳುವಾದ ಪದರ ಅಂಟಿಸಿದ್ದು. ಕೇಳಿದರೆ ‘ಮೇಡಂ, ತೇಗ ಅಲ್ವಾ ಕಾಣ್ತಿರೋದು?’ ಅಂದರು. ಜಗಳ ಆಡಿ ಗೆಲ್ಲುವಂತಿರಲಿಲ್ಲ, ನಿಜಕ್ಕೂ ತೇಗವೇ ಕಾಣುತ್ತಿತ್ತು.

ಇಲ್ಲಿಂದ ಮುಂದೆ ಲೆಕ್ಕಕ್ಕೆ ಸುಲಭವಾಗಲಿ ಅಂತ ಚದರಡಿಗೆ 2,000 ರೂಪಾಯಿ ಹಿಡಿಯುತ್ತೇನೆ.

ದರದ ಹೊರಗಿರುವ ಐದು ಲಕ್ಷ

900 ಚದರಡಿಗೆ 18 ಲಕ್ಷ ಅಂದುಕೊಳ್ಳಿ. ಮನೆ ಅಷ್ಟಕ್ಕೆ ಮುಗಿಯುವುದಿಲ್ಲ. ತಮ್ಮ ಲಾಂಗ್‌ಬುಕ್ಕಿನಲ್ಲಿ ಬರೆದುಕೊಂಡ ಪಟ್ಟಿ ಹೀಗಿದೆ: ಕಾಂಪೌಂಡು ಮತ್ತು ಗೇಟು 1.60 ಲಕ್ಷ. ಪ್ಲಾನ್ ಮಂಜೂರಾತಿ, ಕಾರ್ಮಿಕ ಸೆಸ್ಸು, ಕರೆಂಟು, ನೀರು, ಒಳಚರಂಡಿ ಸಂಪರ್ಕ ಎಲ್ಲ ಸೇರಿ 90,000. ಅಡುಗೆಮನೆ ಮತ್ತು ರೂಮುಗಳ ಕಪಾಟು 1.30 ಲಕ್ಷ. ಗೃಹಪ್ರವೇಶ 60,000. (ಇದನ್ನು ಅವನು 25,000 ಅಂತ ಬರೆದಿದ್ದ. ನಮ್ಮ ಬೀಗರ ಸಂಖ್ಯೆ ನೆನಪಿಸಿ ನಾನೇ ತಿದ್ದಿಸಿದೆ.) ಸೆಸ್ಸಿನ ವಿಚಾರ ತುಂಬ ಜನಕ್ಕೆ ಗೊತ್ತಿರುವುದಿಲ್ಲ. 2025ರ ನವೆಂಬರಿನವರೆಗೆ ಸ್ವಂತ ವಾಸದ ಮನೆ 10 ಲಕ್ಷದೊಳಗಿದ್ದರೆ ಇರಲಿಲ್ಲ, ದಾಟಿದರೆ ಕಟ್ಟಡದ ಖರ್ಚಿನ ಶೇ 1 ಕಟ್ಟಬೇಕಿತ್ತು. ಆಮೇಲೆ ಬಂದ ಹೊಸ ಕಾನೂನಿನಲ್ಲಿ ಆ ಮಿತಿ ಏರಿದೆ, ಕಟ್ಟುವ ಮೊದಲು ಕೇಳಿಕೊಳ್ಳಿ.

ಐದನೆಯದು ಯಾರೂ ಬರೆಯದ ಸಾಲು. ಮನೆ ಸಾಲವನ್ನು ಬ್ಯಾಂಕು ಒಂದೇ ಸಲ ಕೊಡುವುದಿಲ್ಲ. ಮೊದಲು ನಿಮ್ಮ ಕೈದುಡ್ಡು ಹೋಗಬೇಕು, ಆಮೇಲೆ ಪಾಯ, ಲಿಂಟಲ್, ತಾರಸಿ, ಫಿನಿಶಿಂಗ್ ಅಂತ ಹಂತಹಂತವಾಗಿ ಬರುತ್ತದೆ. ಬಂದಷ್ಟಕ್ಕೆ ಬಡ್ಡಿ ಅಂದಿನಿಂದಲೇ ಶುರು. ಮನೆ ಏಳುವ ಹತ್ತು ತಿಂಗಳೂ ನೀವು ಬಾಡಿಗೆ ಮನೆಯಲ್ಲೇ ಇರುತ್ತೀರಿ, ಅತ್ತ ಬಾಡಿಗೆ ಇತ್ತ ಬಡ್ಡಿ. ಹದಿನೈದೂವರೆ ಲಕ್ಷ ಸಾಲದಲ್ಲಿ (ಅಷ್ಟೇ ಯಾಕೆ ಅನ್ನುವುದು ಮುಂದೆ ಬರುತ್ತದೆ) ಸರಾಸರಿ ಅರ್ಧ ಭಾಗ ಹತ್ತು ತಿಂಗಳು ಹೊರಗಿತ್ತು ಅಂದರೆ ಬಡ್ಡಿಯೇ ಸುಮಾರು 55,000. ಮಳೆಗಾಲ ಅಡ್ಡ ಬಂದು ಕೆಲಸ ನಿಂತರೆ ಅದೂ ಬೆಳೆಯುತ್ತದೆ.

ಒಟ್ಟು ಐದು ಲಕ್ಷಕ್ಕೆ ಐದೇ ಸಾವಿರ ಕಡಿಮೆ. ಇದೂ ಮನೆಯ 18 ಲಕ್ಷವೂ ಸೇರಿದ ಮೊತ್ತಕ್ಕೆ ಇನ್ನೂ ಶೇ 10 ಬದಿಗಿಡಬೇಕು ಅಂದೆ. ‘ಅದಕ್ಕೆ ಏನು ಹೆಸರು ಬರೀಲಿ?’ ಅಂದ. ‘ಏನೋ ಒಂದು ಬಂದೇ ಬರುತ್ತೆ, ಬರ್ಕೊ’ ಅಂದೆ. ಮೇಷ್ಟ್ರು ಹಾಗೇ ಬರೆದುಕೊಂಡ. ‘ಏನೋ ಒಂದು – 2,30,000.’

ಮೂರು ಮನೆ, ಮೂರು ಕಂತು

ಅವರ ಹತ್ತಿರ ಇದ್ದ ದುಡ್ಡು 14 ಲಕ್ಷ. ಅದರಲ್ಲಿ 3 ಲಕ್ಷ ಆಸ್ಪತ್ರೆಗೋ ಇನ್ಯಾವುದಕ್ಕೋ ಮುಟ್ಟದೆ ಇಡಬೇಕು ಅನ್ನುವುದು ನನ್ನ ಹಟ. ಮನೆಗೆ ಹಾಕಲು 11 ಲಕ್ಷ. ಈಗ ಮೂರು ಆಯ್ಕೆಗಳನ್ನು ಪಕ್ಕಪಕ್ಕ ಇಡೋಣ.

ಮೊದಲನೆಯದು: ಎರಡು ರೂಮಿನ ನೆಲಮಹಡಿ, 9 ಚದರ, ಮುಂದೆ ಮಹಡಿ ಎಬ್ಬಿಸುವಂತೆ ಕಾಲಂ ಹಾಕಿದ ಪಾಯ. ಮೇಲೆ ಹಾಕಿದ ಲೆಕ್ಕಕ್ಕೆ, ಕಾಲಂಗೆ ಇಂಜಿನಿಯರ್ ಹೇಳಿದ ಹೆಚ್ಚುವರಿ 1.20 ಲಕ್ಷ ಸೇರಿಸಿದರೆ ಒಟ್ಟು ಹತ್ತಿರಹತ್ತಿರ 26.5 ಲಕ್ಷ. ಸಾಲ 15.5 ಲಕ್ಷ, ಕಂತು ಸುಮಾರು 13,450.

ಎರಡನೆಯದು: ಪ್ಲಾನಿನಲ್ಲಿದ್ದ ಡ್ಯೂಪ್ಲೆಕ್ಸ್, 17 ಚದರ. 34 ಲಕ್ಷ, ಹೊರಗಿನ ಖರ್ಚು 6.5, ‘ಏನೋ ಒಂದು’ 4. ಒಟ್ಟು 44.5 ಲಕ್ಷ. ಸಾಲ 33.5 ಲಕ್ಷ, ಕಂತು 29,100ರ ಹತ್ತಿರ.

ಮೂರನೆಯದು: ಕೆಳಗೆ ನಾವು, ಮೇಲೆ ಬಾಡಿಗೆ. ಹೊರಗಿನಿಂದ ಮೆಟ್ಟಿಲು, ಎರಡು ಮೀಟರು, ಎರಡು ಅಡುಗೆಮನೆ. ಒಟ್ಟು 44 ಲಕ್ಷ, ಸಾಲ 33, ಕಂತು 28,650. ಬಾಡಿಗೆ 9,000 ಬಂದೀತು.

ತಿಂಗಳಿಗೆ 21,000ದ ಸಂಸಾರಕ್ಕೆ ಡ್ಯೂಪ್ಲೆಕ್ಸ್ ಎಂಟು ಸಾವಿರ ದೂರ. ‘ಮುಂದೆ ಇನ್‌ಕ್ರಿಮೆಂಟ್ ಬರುತ್ತಲ್ಲ ಅಕ್ಕ’ ಅಂದ. ಬರುತ್ತದೆ, ಜೊತೆಗೆ ದೊಡ್ಡವಳಿಗೆ ಪಿಯುಸಿಯೂ ಬರುತ್ತದೆ. ಅಷ್ಟು ಧೈರ್ಯ ಇದ್ದರೆ ಪರೀಕ್ಷೆ ಮಾಡಿ ನೋಡಬಹುದು. ಆರು ತಿಂಗಳು, ಬರಲಿರುವ ಕಂತಿಗೂ ಈಗಿನ ಬಾಡಿಗೆಗೂ ಇರುವ ವ್ಯತ್ಯಾಸವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಬೇಕು. ಡ್ಯೂಪ್ಲೆಕ್ಸಿಗಾದರೆ ಅದು 20,100. ಆರನೇ ತಿಂಗಳೂ ಆ ಖಾತೆಯಿಂದ ಒಂದು ರೂಪಾಯಿ ತೆಗೆಯದೆ ಇದ್ದರೆ ಕಟ್ಟಲಿ, ನಾನೇ ಗುದ್ದಲಿ ಪೂಜೆಗೆ ಬರುತ್ತೇನೆ.

ಡ್ಯೂಪ್ಲೆಕ್ಸ್ ಬಗ್ಗೆ ಅಮ್ಮನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವಳೇ ಒಳಗಿನಿಂದ ಬಂದು, ‘ಮಹಡಿ ಮೆಟ್ಲು ನನ್ ಕೈಲಾಗಲ್ಲಪ್ಪ. ಕೆಳಗೆ ಒಂದು ಮೂಲೆ ಕೊಡಿ ಸಾಕು’ ಅಂದಳು. ಪ್ಲಾನಿನಲ್ಲಿ ಕೆಳಗೆ ರೂಮಿತ್ತು, ಅದಕ್ಕೆ ‘ಗೆಸ್ಟ್ ರೂಮ್’ ಅಂತ ಹೆಸರಿತ್ತು. ತಮ್ಮ ಪ್ಲಾನನ್ನು ಅಮ್ಮನಿಗೆ ಕಾಣದಂತೆ ತಿರುಗಿಸಿಟ್ಟ.

ಬಾಡಿಗೆಯೇ ಕಂತು ಕಟ್ಟುತ್ತದೆಯೇ?

ಮೂರನೆಯ ಆಯ್ಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಮನೆ ಕಟ್ಟುವವರಲ್ಲಿ ಅರ್ಧಕ್ಕರ್ಧ ಜನ ಈ ಮಾತಿಗೇ ಬೀಳುತ್ತಾರೆ. ‘ಮೇಲೊಂದು ಮನೆ ಹಾಕ್ಕೊಳ್ಳಿ, ಬಾಡಿಗೆಯಲ್ಲೇ ಕಂತು ತೀರುತ್ತೆ.’

ತೀರುವುದಿಲ್ಲ. ಮೊದಲ ಆಯ್ಕೆಗಿಂತ ಇಲ್ಲಿ 17.5 ಲಕ್ಷ ಹೆಚ್ಚು ಹೋಗುತ್ತದೆ, ಅಷ್ಟೂ ಸಾಲವೇ. ಅದರ ಕಂತು ಸುಮಾರು 15,200. ಬರುವುದು 9,000. ವರ್ಷಕ್ಕೆ 1,08,000 ಅಂದರೆ ಹಾಕಿದ ದುಡ್ಡಿಗೆ ಶೇ 6ಕ್ಕಿಂತ ಸ್ವಲ್ಪ ಮೇಲೆ. ಬ್ಯಾಂಕಿಗೆ ಕೊಡುವುದು ಶೇ 8.5. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇದ್ದರೆ, ಬಾಡಿಗೆಯವರು ಬದಲಾದಾಗ ಒಂದು ಕೋಟು ಬಣ್ಣ ಹೊಡೆಸಿದರೆ ಆ ಶೇ 6ಕ್ಕೂ ಹತ್ತುವುದಿಲ್ಲ.

ಹಾಗಂತ ಇದು ಕೆಟ್ಟ ಆಯ್ಕೆ ಅಲ್ಲ. ಬಾಡಿಗೆ ಏರುತ್ತದೆ, ಕಂತು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹತ್ತು ವರ್ಷಕ್ಕೆ ಎರಡೂ ಹತ್ತಿರ ಬರಬಹುದು. ಬಾಡಿಗೆ ಕೊಟ್ಟ ಭಾಗದ ಸಾಲದ ಬಡ್ಡಿಯನ್ನು ಹೊಸ ತೆರಿಗೆ ಪದ್ಧತಿಯಲ್ಲೂ ಆ ಬಾಡಿಗೆಯ ಎದುರಿಗೆ ಕಳೆಯಬಹುದು. ಕಾಲೇಜು, ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಹತ್ತಿರದ ಸೈಟಾದರೆ ಮನೆ ಖಾಲಿ ಬೀಳುವುದೇ ಇಲ್ಲ. ಕೈಯಲ್ಲಿ ರೊಕ್ಕ ಇದ್ದು, ಸಾಲ ಮಾಡದೆ ಮಹಡಿ ಹಾಕುವವರಿಗೆ ಇದು ಒಳ್ಳೆಯ ವ್ಯವಹಾರ. ಪಿಂಚಣಿ ಇಲ್ಲದವರಿಗಂತೂ ಮುಪ್ಪಿನಲ್ಲಿ ಮೇಲಿನ ಮನೆ ಮಗನಿಗಿಂತ ಸರಿಯಾಗಿ ತಿಂಗಳ ಮೊದಲ ವಾರ ದುಡ್ಡು ಕೊಡುತ್ತದೆ. ಪೂರ್ತಿ ಸಾಲದ ಮೇಲೆ ಕಟ್ಟಿ ‘ಬಿಟ್ಟಿ’ ಅಂದುಕೊಳ್ಳುವುದು ಮಾತ್ರ ತಪ್ಪು. ತಮ್ಮನ ಲೆಕ್ಕದಲ್ಲಿ ಆ ಬಿಟ್ಟಿ ಮನೆಗೆ ತಿಂಗಳಿಗೆ ಆರು ಸಾವಿರ ಕೈಯಿಂದ ಹಾಕಬೇಕಿತ್ತು.

ತೆರಿಗೆ ಉಳಿಯುತ್ತದೆ ಅಂತ ಸಾಲ ದೊಡ್ಡದು ಮಾಡುವ ಮಾತೂ ಈಗ ಹಳೆಯದಾಯಿತು. ಸ್ವಂತ ವಾಸದ ಮನೆಯ ಬಡ್ಡಿಗೆ ಸಿಗುವ 2 ಲಕ್ಷದ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಇದೆ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ನನ್ನ ತಮ್ಮನಂಥ ಮೇಷ್ಟ್ರಿಗೆ ಉಳಿಸಲು ತೆರಿಗೆ ಎಲ್ಲಿದೆ?

ಹಾಗೇ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಅವನ ಭಾವಮೈದುನ, ‘ಈಗ ಅಗ್ಗ ಆಯ್ತು, ಇನ್ನೊಂದು ರೂಮ್ ಎಳೀರಿ’ ಅಂದಿದ್ದನಂತೆ. 900 ಚದರಡಿಗೆ ಸಿಮೆಂಟು ಒಂದು ಅಂದಾಜಿಗೆ 360 ಮೂಟೆ. ಮೂಟೆಗೆ 30 ರೂಪಾಯಿ ಇಳಿದರೆ ಉಳಿತಾಯ 10,800. ಅಷ್ಟಕ್ಕೆ ಒಂದು ರೂಮಿನ ಪಾಯವೂ ಮೇಲೆ ಬರುವುದಿಲ್ಲ.

ಉಳಿದ 7,550ರ ಬೆಲೆ

ಮೊದಲ ಆಯ್ಕೆಯನ್ನು ನಾನು ಒತ್ತಿ ಹೇಳಿದ್ದಕ್ಕೆ ಕಾರಣ ಮನೆ ಚಿಕ್ಕದು ಅಂತಲ್ಲ. ಕಂತು 13,450, ತಾಕತ್ತು 21,000. ನಡುವೆ 7,550 ಉಳಿಯುತ್ತದೆ. ಇವರು ಅದನ್ನೂ ಪ್ರತಿ ತಿಂಗಳು ಸಾಲಕ್ಕೇ ಕಟ್ಟಿದರೆ ಇಪ್ಪತ್ತು ವರ್ಷದ ಸಾಲ ಎಂಟು ವರ್ಷ ಒಂಬತ್ತು ತಿಂಗಳಿಗೆ ತೀರುತ್ತದೆ. ಬಡ್ಡಿ 16.8 ಲಕ್ಷ ಹೋಗುವ ಕಡೆ ಆರೂವರೆ ಲಕ್ಷ. ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಕಟ್ಟಲು ಆಗದ ತಿಂಗಳು ಕಟ್ಟದಿದ್ದರೂ ನಡೆಯುತ್ತದೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಬಂತು, ಶಾಲೆ ಫೀಸು ಬಂತು ಅಂದರೆ ಆ 7,550 ಅಲ್ಲಿಗೆ ಹೋಗುತ್ತದೆ. ಡ್ಯೂಪ್ಲೆಕ್ಸಿನ ಕಂತಿನಲ್ಲಿ ಈ ಉಸಿರಾಟ ಇಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ‘ಮುಂದೆ ಕಟ್ಟೋಣ’ ಅಂತ ಬಿಟ್ಟ ಮಹಡಿ ಮುಂದೆ ಅಗ್ಗವಾಗುವುದಿಲ್ಲ. ಮತ್ತೆ ಸೆಂಟ್ರಿಂಗು, ಮತ್ತೆ ಧೂಳು, ವಾಸ ಇರುವ ಮನೆಯ ಮೇಲೆ ಗಾರೆ ಕೆಲಸ. ನಮ್ಮ ಊರುಗಳ ತಾರಸಿಗಳ ಮೇಲೆ ಕಂಬಿಗಳು ಆಕಾಶ ನೋಡುತ್ತ ನಿಂತಿರುವುದನ್ನು ನೋಡಿಯೇ ಇರುತ್ತೀರಿ. ಎಷ್ಟೋ ಮನೆಗಳಲ್ಲಿ ಆ ಮಹಡಿ ಬಂದೇ ಇಲ್ಲ, ಕಂಬಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಬಿಡುವುದಾದರೆ ಆ ಕಂಬಿಗಳನ್ನು ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ. ಮಳೆಗೆ ತುಕ್ಕು ಹಿಡಿದ ಕಂಬಿಯ ಮೇಲೆ ಮಹಡಿ ಎಬ್ಬಿಸಲು ಯಾವ ಇಂಜಿನಿಯರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಗುತ್ತಿಗೆ ಪೂರ್ತಿಯೋ, ಬರೀ ಲೇಬರೋ?

ಸಾಮಾನು ನಾವೇ ತಂದು ಕೂಲಿ ಮಾತ್ರ ಕೊಟ್ಟರೆ ಉಳಿಯುತ್ತದೆ ಅನ್ನುವುದು ನಿಜ, ಆದರೆ ನಿಂತು ಮಾಡಿಸುವವರು ಮನೆಯಲ್ಲಿ ಒಬ್ಬರಿದ್ದರೆ ಮಾತ್ರ. ನಾವು ಹಾಗೇ ಮಾಡಿಸಿದೆವು. ಎಂ ಸ್ಯಾಂಡ್ ಲಾರಿ ಬೆಳಿಗ್ಗೆ ಆರಕ್ಕೆ ಬರುತ್ತಿತ್ತು. ಡ್ರೈವರ್ ಟೇಪು ಹಿಡಿದು ಉದ್ದ, ಅಗಲ ತೋರಿಸುತ್ತಿದ್ದ. ಎತ್ತರವನ್ನು ಮಾತ್ರ ಯಾವಾಗಲೂ ನಡುವೆ ಅಳೆಯುತ್ತಿದ್ದ, ಅಲ್ಲಿ ಗುಡ್ಡೆ ಇರುತ್ತಿತ್ತು. ಮೂರನೇ ಲೋಡಿಗೆ ನಮ್ಮ ಯಜಮಾನರು ಲಾರಿ ಹತ್ತಿ ನಾಲ್ಕು ಮೂಲೆಗೂ ಕಂಬಿ ಚುಚ್ಚಿದರು. ಮೂಲೆಯಲ್ಲಿ ಮುಕ್ಕಾಲು ಅಡಿ ಕಮ್ಮಿ. ಅವತ್ತಿನಿಂದ ಐದೂ ಕಡೆ ಅಳೆದು ಸರಾಸರಿ ತೆಗೆದೆವು. ತೂಕದ ಲೆಕ್ಕದಲ್ಲಿ ತರಿಸಿದರೆ ವೇಬ್ರಿಜ್ ಚೀಟಿ ಕೇಳಿ, ಮಳೆಯಲ್ಲಿ ನೆನೆದ ಮರಳು ಜಾಸ್ತಿ ತೂಗುತ್ತದೆ ಅನ್ನುವುದು ನೆನಪಿರಲಿ.

ಕಬ್ಬಿಣಕ್ಕೆ ಒಂದು ಸೂತ್ರ ಇದೆ, ಮೇಷ್ಟ್ರಿಗೆ ತುಂಬ ಹಿಡಿಸಿತು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ಕಂಬಿ 12 ಮೀಟರ್ ಇದ್ದರೆ 10.6 ಕೆಜಿ ಚಿಲ್ಲರೆ. ಕಟ್ಟಿನಲ್ಲಿರುವ ಕಂಬಿ ಎಣಿಸಿ ಗುಣಿಸಿ, ಬಿಲ್ಲಿನ ಪಕ್ಕ ಇಟ್ಟು ನೋಡಿ.

ಇಷ್ಟಕ್ಕೆಲ್ಲ ಬೆಳಿಗ್ಗೆ ಆರರಿಂದ ಯಾರೋ ಸೈಟಿನಲ್ಲಿರಬೇಕು. ತಮ್ಮ ಒಂಬತ್ತೂವರೆಗೆ ಶಾಲೆಯಲ್ಲಿರಬೇಕು. ಅವನಿಗೆ ಪೂರ್ತಿ ಗುತ್ತಿಗೆಯೇ ಸರಿ ಅಂದೆ, ಸಿಮೆಂಟು ಮತ್ತು ಕಬ್ಬಿಣದ ಬ್ರ್ಯಾಂಡು ಒಪ್ಪಂದದಲ್ಲಿ ಬರೆಸಿ, ದುಡ್ಡನ್ನು ಕೆಲಸ ಮುಗಿದ ಹಂತಕ್ಕೆ ತಕ್ಕಂತೆ ಕೊಡುವ ಷರತ್ತಿನ ಮೇಲೆ. ಮುಂಗಡ ಕೈತುಂಬ ಕೊಟ್ಟರೆ ಮೇಸ್ತ್ರಿ ಪಕ್ಕದ ಬಡಾವಣೆಯ ಪಾಯಕ್ಕೆ ಹೋಗಿಬಿಡುತ್ತಾನೆ.

ಎಲ್ಲಿ ಸುರಿಯಬೇಕು, ಎಲ್ಲಿ ತಡೆಯಬೇಕು

ಮುಚ್ಚಿಹೋಗುವುದಕ್ಕೆ ಲೋಭ ಮಾಡಬೇಡಿ: ಪಾಯ, ಕಬ್ಬಿಣ, ಗೋಡೆಯೊಳಗಿನ ಪೈಪು, ವೈರಿಂಗು, ಬಚ್ಚಲ ವಾಟರ್‌ಪ್ರೂಫಿಂಗ್. ನಾವು ಮೇಲಿನ ಬಚ್ಚಲಿನ ತಗ್ಗು ತಾರಸಿಗೆ ವಾಟರ್‌ಪ್ರೂಫಿಂಗ್ ಬಿಟ್ಟು 18,000 ಉಳಿಸಿದೆವು. ಮೂರನೇ ಮಳೆಗಾಲಕ್ಕೆ ಕೆಳಗೆ ದೇವರಮನೆಯ ಸೂರಿನಲ್ಲಿ ಅಂಗೈಯಗಲ ಹಳದಿ ಕಲೆ ಬಿತ್ತು. ಅತ್ತೆ ಅದನ್ನು ಅಭಿಷೇಕದ ನೀರು ಅಂದರು, ಪ್ಲಂಬರ್ ಬೇರೆ ಹೇಳಿದ. ಟೈಲ್ಸ್ ಕಿತ್ತು, ಕೆಳಗೆ ತುಂಬಿದ್ದ ಇಟ್ಟಿಗೆ ಚೂರು ಬಗೆದು, ಮತ್ತೆ ಮುಚ್ಚುವಷ್ಟರಲ್ಲಿ 62,000 ಆಯಿತು. ಆ ಟೈಲ್ಸಿನ ಡಿಸೈನೂ ಅಂಗಡಿಯಲ್ಲಿ ಸಿಗಲಿಲ್ಲ, ಒಂದು ಗೋಡೆ ಇವತ್ತಿಗೂ ಬೇರೆ ಬಣ್ಣ. ಟೈಲ್ಸ್ ಹಾಕುವ ಮೊದಲು ಆ ತಗ್ಗಿನಲ್ಲಿ ಮೂರು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಇದಕ್ಕೆ ಖರ್ಚಾಗುವುದು ನೀರು ಮಾತ್ರ.

ಆಮೇಲೆ ಮಾಡಿಸಬಹುದಾದದ್ದನ್ನು ಆಮೇಲೆ ಮಾಡಿಸಿ. ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗು, ಎಲಿವೇಶನ್ನಿಗೆ ಅಂಟಿಸುವ ಕಲ್ಲು, ಟಿವಿ ಗೋಡೆ ಎಲ್ಲ ಹತ್ತು ವರ್ಷದ ಮೇಲೂ ಬರಬಹುದು. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಕೆಳಗೆ ಕಡಪ ಕಲ್ಲಿನ ಅಡ್ಡೆ ಹಾಕಿ ಬಿಟ್ಟರೆ ಸಾಕು, ಜೀವನ ಸಾಗುತ್ತದೆ. ಮರ ಮುಂಬಾಗಿಲಿಗೆ ಮತ್ತು ದೇವರಮನೆಗೆ ಇರಲಿ. ತೋಟದಲ್ಲಿ ಸ್ವಂತ ಹೊನ್ನೆ, ಮತ್ತಿ ಇರುವವರ ಮಾತು ಬೇರೆ. ನೆಲ ಮಾತ್ರ ಈ ಎರಡರ ನಡುವಿನದು. ಕಾಣುವುದೇ ಆದರೂ ವಾಸಕ್ಕೆ ಬಂದ ಮೇಲೆ ಕೀಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಒಂದೇ ಸಲ ಒಳ್ಳೆಯದು ಹಾಕಿ.

ಕಡಿಮೆ ಖರ್ಚಿನ ವಿಧಾನಗಳ ಬಗ್ಗೆ ಆಸೆ ಇರುವವರಿಗೆ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ, ಇಟ್ಟಿಗೆಗಳ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಎರಡೂ ಒಳ್ಳೆಯವು, ಬೇಸಿಗೆಯಲ್ಲಿ ಮನೆ ತಣ್ಣಗಿರುತ್ತದೆ. ಆದರೆ ಅದು ಬಲ್ಲ ಗಾರೆಯವರು ಸಿಕ್ಕರೆ ಮಾತ್ರ ಉಳಿತಾಯ. ನಿಮ್ಮ ಮನೆಯ ಮೇಲೆ ಕಲಿಯುವ ಮೇಸ್ತ್ರಿ ಸಿಕ್ಕರೆ ಉಳಿದ ಇಟ್ಟಿಗೆಯ ದುಡ್ಡು ಕೂಲಿಗೆ ಹೋಗುತ್ತದೆ.

ಊರಿನ ಮಣ್ಣು ನೋಡದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಗದಗ, ಧಾರವಾಡದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಲ್ಲಿ ಪಾಯವೇ ಬಜೆಟ್ಟಿನ ದೊಡ್ಡ ಪಾಲು ತಿನ್ನುತ್ತದೆ. ಕರಾವಳಿಯಲ್ಲಿ ಕೆಂಪುಕಲ್ಲು ಹತ್ತಿರದಲ್ಲೇ ಸಿಗುವುದರಿಂದ ಗೋಡೆ ಅಗ್ಗ, ಉಪ್ಪುಗಾಳಿಗೆ ಕಬ್ಬಿಣ ಕಾಪಾಡುವುದು ಕಷ್ಟ. ಮಲೆನಾಡಿನಲ್ಲಿ ತಾರಸಿ ಹಾಕಿದ ಮೇಲೂ ಅದರ ಮೇಲೊಂದು ಶೀಟಿನ ಮಾಡು ಬೇಕೇ ಬೇಕು. ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ತಮ್ಮ ಕೊನೆಗೆ 26.5 ಲಕ್ಷದ ಮನೆಗೆ ಬಂದು ನಿಂತ. ಗೆಸ್ಟ್ ರೂಮು ಹೋಗಿ ಅಮ್ಮನ ರೂಮು ಬಂತು, ಅದಕ್ಕೆ ತಾಗಿದಂತೆ ಬಚ್ಚಲು. ಅವನ ಹೆಂಡತಿ ಅಡುಗೆಮನೆಗೆ ಪೂರ್ವದ ಕಿಟಕಿ ನಾಲ್ಕಡಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ, ಇಂಜಿನಿಯರ್ ಮೂರಕ್ಕೆ ನಿಂತಿದ್ದಾನೆ.

ಸಂಕ್ರಾಂತಿ ಕಳೆದು ಪಾಯ ತೋಡಿದರು. ಆ ಬಡಾವಣೆ ಮೊದಲು ಗದ್ದೆಯಾಗಿತ್ತು. ಸೈಟಿನ ಒಂದು ಮೂಲೆಯಲ್ಲಿ ಐದಡಿ ಹೋದರೂ ಬರೀ ತುಂಬಿದ ಮಣ್ಣು, ಒಂದು ಹರಿದ ಚಪ್ಪಲಿ, ಹಂಚಿನ ಚೂರು. ಗಟ್ಟಿ ನೆಲ ಸಿಕ್ಕಿದ್ದು ಏಳಡಿಗೆ. ಆವತ್ತು ರಾತ್ರಿ ಫೋನ್ ಮಾಡಿದ. ನಾನು ಕೇಳುವ ಮೊದಲೇ ಲಾಂಗ್‌ಬುಕ್ ತೆಗೆದು ಓದಿದ: ‘ಏನೋ ಒಂದು, ಮೂವತ್ತೆಂಟು ಸಾವಿರ ಖರ್ಚು. ಬಾಕಿ ಒಂದು ಲಕ್ಷದ ತೊಂಬತ್ತೆರಡು ಸಾವಿರ.’ ಆಮೇಲೆ ದನಿ ತಗ್ಗಿಸಿ, ‘ಆ ಕಿಟಕಿ ನಾಲ್ಕಡಿ ಮಾಡಿದ್ರೆ ಎಷ್ಟಾಗಬಹುದು ಅಕ್ಕ?’ ಅಂದ.